ರಷ್ಯಾಕ್ಕೆ ಹೋಗಬೇಕಿದ್ದ ಕೊನೆ

ಜಪಮಾಲೆಯನ್ನು ಎಡಗೈಯಿಂದ ಬಿಡಿಸಿ ಬಲಗೈಗೆ ಸುತ್ತಲು ಕಾನ್ಸೆಟ್ಟಾ ಹೆಣಗುತ್ತಿದ್ದಳು. ಸತ್ತವರ ಬೆರಳು ಅಷ್ಟು ಸುಲಭಕ್ಕೆ ಮಣಿಯುವುದಿಲ್ಲ. ಶವಪೆಟ್ಟಿಗೆಯ ಅಂಗಡಿ ಯಜಮಾನ ಬಾಗಿಲ ಬಳಿ ನಿಂತು ಎರಡು ಸಲ ಕೆಮ್ಮಿದ. ಅವಳು ತಿರುಗಿಯೂ ನೋಡಲಿಲ್ಲ.

"ಬಿಡೇ, ಯಾವ ಕೈ ಆದ್ರೇನು," ಎಂದ ಹಿಂದೆ ನಿಂತಿದ್ದ ಗಸ್.

"ಯಾವ ಕೈ ಆದ್ರೇನಂತೆ! ಆರು ವರ್ಷ ಇವಳ ಪಕ್ಕದ ಸ್ಟೂಲಿನಲ್ಲಿ ಕೂತು ಕೆಲಸ ಮಾಡಿದವಳು ನಾನು. ಇವಳ ಕೈ ನನಗೆ ಗೊತ್ತೋ, ನಿನಗೆ ಗೊತ್ತೋ?"

ವಿನಿಯ ಬಲ ಹೆಬ್ಬೆರಳಿನ ಉಗುರು ಅರವತ್ತೆಂಟನೆಯ ವಯಸ್ಸಿನಲ್ಲೂ ಚಪ್ಪಟೆಯಾಗಿತ್ತು. ಫಿಲ್ಮಿನ ಅಂಚನ್ನು ಕೆರೆದು, ಅಂಟು ಸವರಿ, ಹೆಬ್ಬೆರಳಿನಿಂದ ಒತ್ತಿ ಹಿಡಿಯುತ್ತಿದ್ದ ಹುಡುಗಿಯರಿಗೆಲ್ಲ ಹಾಗಾಗುತ್ತಿತ್ತು. ಕಾನ್ಸೆಟ್ಟಾಳ ಉಗುರೂ ಹಾಗೆಯೇ ಇದೆ. ಮಾಲೆ ಕೊನೆಗೂ ಬಲಗೈಯಲ್ಲಿ ನಿಂತಿತು.

"ಯಜಮಾನರೇ," ಗಸ್ ದನಿ ಎತ್ತಿದ, "ಮುಚ್ಚಳ ಹಾಕೋಕೆ ಮುಂಚೆ ಒಂದ್ಸಲ ಸರಿಯಾಗಿ ನೋಡ್ಬಿಡಿ. ನಮ್ಮ ವಿನಿ ಜೋಡಿಸಿದ್ದಾಗಿದ್ರೆ ತಲೆ ಇರೋ ಕಡೆ ಕಾಲಿರ್ತಿತ್ತು."

ಕುರ್ಚಿಗಳಲ್ಲಿ ಕೂತು ಮೂಗು ಒರೆಸಿಕೊಳ್ಳುತ್ತಿದ್ದವರೂ ನಕ್ಕುಬಿಟ್ಟರು. ಕೆಟ್ಟ ಮನಸ್ಸಿನ ನಗುವಲ್ಲ ಅದು. ಗಸ್ ನಲವತ್ತು ವರ್ಷ ವಿನಿಗೆ ಮಾಂಸ ಕೊಚ್ಚಿಕೊಟ್ಟ ಕಸಾಯಿ, ಬೆಳಗಿನಿಂದ ಅವನ ಕಣ್ಣು ಕೆಂಪಗೇ ಇದ್ದವು.

"ನಿನ್ನ ನಾಲಿಗೇನೂ ಈ ಪೆಟ್ಟಿಗೆಯೊಳಗೆ ಹಾಕಿ ಕಳಿಸ್ತೀನಿ ನೋಡು," ಎಂದಳು ಕಾನ್ಸೆಟ್ಟಾ.

"ಅಯ್ಯೋ, ವಿನಿ ಇದ್ದಿದ್ರೆ ಅವಳೇ ಮೊದಲು ನಗ್ತಿದ್ಲು ಕಣೇ."

ಅದೂ ನಿಜ. ವಿನಿ ನಗುತ್ತಿದ್ದಳು. ಕಾನ್ಸೆಟ್ಟಾಳಿಗೆ ಸಹಿಸಲಾಗದಿದ್ದದ್ದು ಅದೇ.

ನ್ಯೂಯಾರ್ಕಿನ ಎದುರು ದಡದಲ್ಲಿರುವ ನಮ್ಮ ಫೋರ್ಟ್ ಲೀಯಲ್ಲಿ ಯಾರಾದರೂ ಕಾಫಿಗೆ ಸಕ್ಕರೆ ಬದಲು ಉಪ್ಪು ಹಾಕಿದರೆ, ಟಪಾಲಿನವನು ತಪ್ಪು ಮನೆಗೆ ಕಾಗದ ಕೊಟ್ಟರೆ, "ರಷ್ಯಾಕ್ಕೆ ಕಳಿಸಿಬಿಟ್ಟೆಯಲ್ಲಪ್ಪಾ" ಅನ್ನುವುದು ವಾಡಿಕೆ. ಈಗಿನವರಿಗೆ ಅದು ಎಲ್ಲಿಂದ ಬಂತೆಂದೂ ಗೊತ್ತಿಲ್ಲ. ಬಂದದ್ದು ವಿನಿಯಿಂದ. ಕ್ಯಾಲಿಫೋರ್ನಿಯಾಕ್ಕೆ ಹೋಗುವ ಮುಂಚೆ ಸಿನಿಮಾದವರೆಲ್ಲ ಇದ್ದದ್ದು ನಮ್ಮೂರಿನಲ್ಲೇ. ರಷ್ಯಾದವರಿಗೆ ಅಳದಿದ್ದರೆ ಕೊಟ್ಟ ದುಡ್ಡು ದಂಡವೆನ್ನಿಸುತ್ತದಂತೆ; ಅದಕ್ಕೆ ಕೆಲವು ಕಂಪನಿಯವರು ಒಂದೇ ಚಿತ್ರಕ್ಕೆ ಎರಡು ಕೊನೆ ತೆಗೆಯುತ್ತಿದ್ದರು. ಇಲ್ಲಿಗೆ ಮದುವೆಯ ಕೊನೆ, ಅಲ್ಲಿಗೆ ಸಾವಿನ ಕೊನೆ. ಸಾವಿರದ ಒಂಬೈನೂರ ಹದಿನಾರರಲ್ಲಿ "ಮಂಜಿನಾಚೆಯ ದೀಪ" ಎಂಬ ಮೂಕಿ ಚಿತ್ರಕ್ಕೆ, ರಷ್ಯಾಕ್ಕೆ ಹೋಗಬೇಕಿದ್ದ ಸಾವಿನ ಕೊನೆಯನ್ನು ವಿನಿ ತಪ್ಪಿ ನಮ್ಮೂರಿನ ಪ್ರತಿಗೇ ಅಂಟಿಸಿಬಿಟ್ಟಳು ಎಂಬುದು ಕತೆ. ಅದಕ್ಕೇ ಅವಳ ಕೆಲಸ ಹೋಯಿತು. ಆಮೇಲೆ ಮೂವತ್ತೊಂದು ವರ್ಷ ಶಾಲೆಯ ಅಡುಗೆಮನೆಯಲ್ಲಿ ಸೂಪು ಕದಡಿದಳು, ಊರಿನವರು ಅದನ್ನೇ ಆಡಿಕೊಂಡು ನಕ್ಕರು.

ಆ ಕತೆ ಶುದ್ಧ ಸುಳ್ಳು. ಸಿನಿಮಾದವರು ಊರು ಬಿಟ್ಟ ಮೇಲೆ, ಸುಳ್ಳೆಂದು ನಮ್ಮೂರಿನಲ್ಲಿ ಬಲ್ಲವರು ಮೂವರಿದ್ದರು. ಕ್ಯಾಮೆರಾದ ಬರ್ಟ್ ಸತ್ತು ಇಪ್ಪತ್ತು ವರ್ಷವಾಯಿತು. ವಿನಿ ಇಗೋ ಇಲ್ಲಿ ಮಲಗಿದ್ದಾಳೆ. ಉಳಿದವಳು ಕಾನ್ಸೆಟ್ಟಾ ಒಬ್ಬಳೇ.

ಬಾಗಿಲಲ್ಲಿ ವಿನಿಯ ಗಂಡ ಎಮಿಲ್ ಹಾರ್ಟುಂಗ್ ನಿಂತೇ ಇದ್ದ. ಹೊರಗೆ ಮಾರ್ಚ್ ತಿಂಗಳ ಮಂಜು. ಹಡ್ಸನ್ ನದಿಯ ಮೇಲಿನ ಸೇತುವೆ ಅರ್ಧ ಮಾತ್ರ ಕಾಣುತ್ತಿತ್ತು, ಉಳಿದರ್ಧ ಆಕಾಶದಲ್ಲಿ ಕರಗಿತ್ತು. ಮಂಜಿನೊಳಗಿಂದ ಬರುವ ಒಬ್ಬೊಬ್ಬರ ಮುಖವನ್ನೂ ಎಮಿಲ್ ಬಾಗಿ ನೋಡುತ್ತಿದ್ದ.

"ಬಂದು ಕೂತ್ಕೋ ಎಮಿಲ್. ಕಾಲು ನೋಯಲ್ವಾ?"

"ಇನ್ನೂ ಹತ್ತು ನಿಮಿಷ ಇದೆ. ನ್ಯೂಯಾರ್ಕ್ ಪೇಪರಿಗೂ ಸುದ್ದಿ ಹಾಕಿಸಿದೀನಿ ಕಣೇ. ಹಾರ್ಟುಂಗ್ ಅಂತ ದಪ್ಪಕ್ಷರದಲ್ಲಿದೆ. ಫ್ರೀಡಾ ಕಣ್ಣಿಗೆ ಬಿದ್ರೆ ಬರದೆ ಇರಲ್ಲ."

ಕಾನ್ಸೆಟ್ಟಾ ಅವನ ಕೋಟಿನ ಮೇಲಿದ್ದ ನೂಲಿನ ಎಳೆ ತೆಗೆದಳು.

"ಅವಳಿಗೀಗ ಅರವತ್ತೇಳು. ಕೂದಲೆಲ್ಲ ಬೆಳ್ಳಗಾಗಿರುತ್ತೆ," ಎಂದ ಎಮಿಲ್. "ನನಗೆ ಗುರುತು ಸಿಗದಿದ್ರೆ ನೀನು ಹೇಳು."

"ಹೇಳ್ತೀನಿ," ಎಂದಳು ಅವಳು.

* * *

ಆ ವರ್ಷ ನಮ್ಮೂರು ಹಗಲಿನಲ್ಲೇ ಕನಸು ಕಾಣುತ್ತಿತ್ತು. ಗುಡ್ಡದ ಮೇಲೆ ಸಿನಿಮಾ ತೆಗೆಯುವ ಗಾಜಿನ ಮನೆಗಳು, ಅವುಗಳೊಳಗೆ ಅರಮನೆ, ಸೆರೆಮನೆ, ಹಿಮ ಬೀಳುವ ಬೀದಿ. ದೋಣಿಕಟ್ಟೆಯಿಂದ ಗುಡ್ಡ ಹತ್ತುವ ಟ್ರಾಲಿ ಗಾಡಿಗೆ ಎಮಿಲ್ ಕಂಡಕ್ಟರ್. ಬೆಳಿಗ್ಗೆ ರಾಣಿಯರಾಗಿ ಹತ್ತಿದವರು ಸಂಜೆ ಭಿಕ್ಷುಕಿಯರಾಗಿ ಇಳಿಯುತ್ತಿದ್ದರು. ರೋಮಿನ ಸೈನಿಕ ಕತ್ತಿಯನ್ನು ತೊಡೆಗಳ ನಡುವೆ ಇಟ್ಟುಕೊಂಡು ಬ್ರೆಡ್ಡು ತಿನ್ನುತ್ತಿದ್ದ. ಯಾರಿಗೂ ಅದು ವಿಚಿತ್ರವೆನ್ನಿಸುತ್ತಿರಲಿಲ್ಲ.

ಹಿಂದಿನ ಶರತ್ಕಾಲದಲ್ಲಿ ಎಮಿಲ್‌ನ ತಂಗಿ ಫ್ರೀಡಾ ಕಾಣೆಯಾಗಿದ್ದಳು. ಹತ್ತೊಂಬತ್ತು ವರ್ಷದ ಹುಡುಗಿ. ಹೊಟ್ಟೆಯಲ್ಲಿ ಮಗುವಿತ್ತೆಂದು ಜನ ಪಿಸುಗುಟ್ಟಿದರು. ಜಗಳವಾಡಿದ ದಿನ ಎಮಿಲ್ ಅವಳಿಗೆ "ಎಲ್ಲಾದ್ರೂ ಹಾಳಾಗಿ ಹೋಗು" ಅಂದಿದ್ದ. ಮಾರನೆಯ ಬೆಳಿಗ್ಗೆ ದೋಣಿಕಟ್ಟೆಯ ಕೊನೆಯ ಹಲಗೆಯ ಮೇಲೆ ಅವಳ ಟೋಪಿಯೂ ಬೂಟುಗಳೂ ಸಿಕ್ಕವು. ಹೆಣ ಸಿಗಲೇ ಇಲ್ಲ.

"ಮಂಜಿನಾಚೆಯ ದೀಪ" ಊರಿನ ಚಿತ್ರಮಂದಿರಕ್ಕೆ ಬಂದಾಗ ತಮ್ಮ ತಮ್ಮ ಮುಖ ನೋಡಿಕೊಳ್ಳಲು ಊರಿಗೆ ಊರೇ ಹೋಯಿತು. ಸಂತೆಯ ದೃಶ್ಯದಲ್ಲಿ ನಿಂತಿದ್ದವರೆಲ್ಲ ನಮ್ಮವರೇ. ದೀಪಸ್ತಂಭ ಕಾಯುವವನ ಮಗಳು ಪಟ್ಟಣದ ಗಂಡನ್ನು ನಂಬಿ ಮೋಸಹೋಗುತ್ತಾಳೆ. ಅಪ್ಪ ಬಾಗಿಲು ಮುಚ್ಚುತ್ತಾನೆ. ಹುಡುಗಿ ಮಂಜಿನಲ್ಲಿ ನದಿಗಿಳಿಯುತ್ತಾಳೆ. ಸೊಂಟ, ಎದೆ, ಕುತ್ತಿಗೆ. ಆಮೇಲೆ ನೀರು ಕೂಡಿಕೊಳ್ಳುತ್ತದೆ, ಅಪ್ಪ ತಡವಾಗಿ ಹಚ್ಚಿದ ದೀಪದ ಬೆಳಕು ಬರಿಯ ನೀರಿನ ಮೇಲೆ ತಿರುಗುತ್ತದೆ.

ಪಿಯಾನೋ ನಿಂತಿತು. ಆ ನಿಶ್ಶಬ್ದದಲ್ಲಿ ಕಂಡಕ್ಟರ್ ಸಮವಸ್ತ್ರದ ಒಬ್ಬ ಎದ್ದು ಪರದೆಯತ್ತ ಓಡುತ್ತ ಕೂಗಿದ: "ಯಾರಾದ್ರೂ ಎಳೀರೋ ಅವಳನ್ನ! ನಿಂತು ನೋಡ್ತೀರಲ್ರೋ!"

ಯಾರೂ ನಗಲಿಲ್ಲ. ಮೂರನೆಯ ಸಾಲಿನಲ್ಲಿ ವಿನಿ ಕಾನ್ಸೆಟ್ಟಾಳ ಕೈ ಹಿಡಿದು ಕೂತಿದ್ದಳು, ಆ ಹಿಡಿತಕ್ಕೆ ಕಾನ್ಸೆಟ್ಟಾಳ ಬೆರಳು ನೊಂದವು.

ಮಾರನೆಯ ದಿನ ಎಮಿಲ್ ಫಿಲ್ಮು ತೊಳೆಯುವ ಕಾರ್ಖಾನೆಯ ಗೇಟಿಗೆ ಬಂದ. ರಾತ್ರಿಯೆಲ್ಲ ನಿದ್ದೆಯಿಲ್ಲದ ಮುಖ. ಊಟದ ಹೊತ್ತು, ವಿನಿ ನಲ್ಲಿಯ ಬಳಿ ಕೈ ತೊಳೆಯುತ್ತಿದ್ದಳು.

"ಇದನ್ನ ಮಾಡಿದವರು ಯಾರು?" ಎಂದು ಕೇಳಿದ. "ಅವಳನ್ನ ಯಾಕೆ ಸಾಯಿಸಿದ್ರಿ? ಅಷ್ಟು ಮಾತ್ರ ಹೇಳಿ, ಹೋಗ್ತೀನಿ."

ಎಲ್ಲಿಗೆ ಹೋಗುತ್ತಾನೆಂದು ಅವನ ಮುಖವೇ ಹೇಳುತ್ತಿತ್ತು. ವಿನಿ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡಳು, ಎಷ್ಟೋ ಹೊತ್ತು ಒರೆಸಿಕೊಂಡಳು.

"ಅವಳು ಸಾಯಲ್ಲ ರೀ. ಅದು ರಷ್ಯಾಕ್ಕೆ ಹೋಗಬೇಕಿದ್ದ ಕೊನೆ. ನಾನೇ ಡಬ್ಬಿ ನೋಡ್ದೆ ನಮ್ಮೂರಿನ ಪ್ರತಿಗೆ ಅಂಟಿಸಿಬಿಟ್ಟೆ. ನಿಜವಾದ ಕೊನೆಯಲ್ಲಿ ಅವಳು ಆಚೆ ದಡ ಹತ್ತಿ ಹೋಗ್ತಾಳೆ."

ಪಕ್ಕದಲ್ಲಿದ್ದ ಕಾನ್ಸೆಟ್ಟಾ ಬ್ರೆಡ್ಡು ತಿನ್ನುವುದನ್ನು ಬಿಟ್ಟು ವಿನಿಯ ಕಡೆ ತಿರುಗಿದಳು. ಆ ಚಿತ್ರಕ್ಕೆ ಎರಡು ಕೊನೆ ಇರಲೇ ಇಲ್ಲ.

"ತೋರಿಸಿ," ಎಂದ ಎಮಿಲ್.

"ಸೋಮವಾರ ಬನ್ನಿ."

ಭಾನುವಾರ ಬೆಳಿಗ್ಗೆ, ಊರೆಲ್ಲ ಚರ್ಚಿನ ಪೂಜೆಗೆ ಹೋಗಿದ್ದಾಗ, ಮೂವರೂ ಬಂಡೆಗಳ ಕೆಳಗಿನ ಚಿಕ್ಕ ಕೊಲ್ಲಿಗೆ ಇಳಿದರು. ಬರ್ಟ್ ಕ್ಯಾಮೆರಾವನ್ನೂ ಉಳಿದ ತುಂಡು ಫಿಲ್ಮನ್ನೂ ಹೊತ್ತು ತಂದಿದ್ದ. ಕಾನ್ಸೆಟ್ಟಾ ನಾಯಕಿಯ ಉಡುಪನ್ನು ಕದ್ದು ತಂದಿದ್ದಳು. ಏಪ್ರಿಲ್ ತಿಂಗಳ ನೀರು ಮೂಳೆ ಕೊರೆಯುವಂತಿತ್ತು. ವಿನಿ ಕುತ್ತಿಗೆಯವರೆಗೆ ಇಳಿದಳು, ಒಂದು ಗಳಿಗೆ ಕಾಣದೆಯೇ ಹೋದಳು, ಕಾನ್ಸೆಟ್ಟಾ ಚೀರಿದಳು. ಆಮೇಲೆ ಕೊಲ್ಲಿಯ ಆಚೆಯಲ್ಲಿ, ಕ್ಯಾಮೆರಾಕ್ಕೆ ಬೆನ್ನು ಮಾಡಿಕೊಂಡು, ಕಲ್ಲು ಹಿಡಿದು ಹತ್ತಿ ಮಂಜಿನೊಳಗೆ ನಡೆದಳು. ಇಷ್ಟೇ, ಒಂದು ನಿಮಿಷವೂ ಇಲ್ಲ. ಬರ್ಟ್ ಅದನ್ನು ಕದ್ದು ತೊಳೆದ, ಕಾನ್ಸೆಟ್ಟಾ ನೀಲಿ ಬಣ್ಣದಲ್ಲಿ ಅದ್ದಿದಳು, ವಿನಿ ಜ್ವರದಲ್ಲಿ ನಡುಗುತ್ತ ಹಳೆಯ ದೃಶ್ಯಕ್ಕೆ ಅಂಟಿಸಿದಳು.

ಸೋಮವಾರ ಎಮಿಲ್ ಆ ಫಿಲ್ಮಿನ ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಒಂದೊಂದೇ ಚಿತ್ರ ನೋಡಿದ. ನೋಡುತ್ತ ನೋಡುತ್ತ ನೆಲದ ಮೇಲೆ ಕೂತುಬಿಟ್ಟ.

"ಆಚೆ ದಡ," ಎಂದ. "ಅಲ್ಲೇ ಹತ್ತಿರ್ತಾಳೆ. ನ್ಯೂಯಾರ್ಕಿನಲ್ಲಿ ಯಾರದೋ ಮನೇಲಿ ಇರ್ತಾಳೆ. ಕೋಪ ಇಳಿದ ಮೇಲೆ ಬರ್ತಾಳೆ."

ಸಮಾಧಾನವಾದ ಮನುಷ್ಯ ಸುಮ್ಮನಿರುತ್ತಾನೆಯೇ? ಟ್ರಾಲಿ ಹತ್ತಿದವರಿಗೆಲ್ಲ ಹೇಳಿಕೊಂಡು ಬಂದ. ಚಿತ್ರಮಂದಿರದವನು ಒಳ್ಳೆಯ ಕೊನೆ ಕೊಡಿ ಎಂದು ಕಂಪನಿಗೆ ಗಂಟುಬಿದ್ದ. ಕಾರ್ಖಾನೆಯ ಮೇಸ್ತ್ರಿ ವಿನಿಯನ್ನು ಕರೆದ. "ಇದೆಲ್ಲ ಸುಳ್ಳು ಅಂತ ಎಲ್ರ ಮುಂದೆ ಒಂದು ಮಾತು ಹೇಳು, ನಿನ್ನ ಕೆಲಸ ಉಳಿಯುತ್ತೆ. ಇಲ್ದಿದ್ರೆ ಅಜಾಗರೂಕತೆ ಅಂತ ಬರೆದು ಕಳಿಸ್ತೀನಿ." ಒಂದು ಜೋಡಣೆಯೂ ಬಿಚ್ಚಿಕೊಂಡಿರದ ಕೈ ಅದು. ಮೇಸ್ತ್ರಿಗೂ ಅದು ಗೊತ್ತಿತ್ತು. ವಿನಿ ಏಪ್ರನ್ ಬಿಚ್ಚಿ ಮಡಿಸಿ ಮೇಜಿನ ಮೇಲಿಟ್ಟಳು.

ಮುಂದಿನ ವರ್ಷ ಎಮಿಲ್ ಅವಳನ್ನು ಮದುವೆಯಾದ. ಮೇಸ್ತ್ರಿ ಪಶ್ಚಿಮಕ್ಕೆ ಹೋದ, ಕಂಪನಿ ಮುಚ್ಚಿತು. ಟ್ರಾಲಿ ಇರುವಷ್ಟು ವರ್ಷ ದೋಣಿಯಿಂದ ಇಳಿದವರ ಮುಖಗಳನ್ನೆಲ್ಲ ಎಮಿಲ್ ನೋಡುತ್ತಿದ್ದ. ಆ ನೀಲಿ ಪಟ್ಟಿ ಅಲಮಾರಿಯಲ್ಲೇ ಅಂಟಂಟಾಗಿ, ಆಮೇಲೆ ಕಂದು ಪುಡಿಯಾಗಿ ಹೋಯಿತು. ಅವನು ಬೇಸರಿಸಲಿಲ್ಲ. ಒಮ್ಮೆ ನೋಡಿದ್ದನಲ್ಲ.

* * *

ಮಣ್ಣು ಮಾಡಿ ಬಂದ ಮೇಲೆ ಎಲ್ಲರೂ ಎಮಿಲ್‌ನ ಮನೆಯಲ್ಲಿ ಸೇರಿದರು. ಕಾನ್ಸೆಟ್ಟಾ ಒಲೆಯಲ್ಲಿ ಬೇಯಿಸಿದ ಮ್ಯಾಕರೋನಿ ತಂದಿದ್ದಳು, ನೆರೆಯವರು ಹ್ಯಾಮ್, ಆಲೂಗೆಡ್ಡೆ ಸಾಲಡ್, ಕೇಕು ತಂದಿದ್ದರು. ಗಂಡ ಸತ್ತ, ಮಕ್ಕಳಿಲ್ಲದ ಕಾನ್ಸೆಟ್ಟಾಳಿಗೆ ಇದ್ದದ್ದು ಇದೊಂದು ಮನೆ. ಪ್ರತಿ ಭಾನುವಾರದ ಊಟ ಇಲ್ಲೇ. ಯಾವ ಡ್ರಾಯರಿನಲ್ಲಿ ಯಾವ ಚಮಚ ಎಂದು ವಿನಿಯ ಮಗಳು ಮಾರ್ಜಿಗಿಂತ ಅವಳಿಗೇ ಚೆನ್ನಾಗಿ ಗೊತ್ತಿತ್ತು. ಎಮಿಲ್ ತನ್ನ ಕುರ್ಚಿಯನ್ನು ಮುಂಬಾಗಿಲಿಗೆ ಎದುರಾಗಿ ಎಳೆದುಕೊಂಡು ಕೂತಿದ್ದ.

"ಆಂಟೀ, ಯಾರೋ ಬಂದಿದಾರೆ," ಮಾರ್ಜಿ ಅಡುಗೆಮನೆಗೆ ಬಂದಳು. "ಅಮ್ಮನ್ನೇ ಕೇಳ್ಕೊಂಡು ಬಂದಿದಾರೆ. ಅಮ್ಮ ಹೋಗಿದ್ದು ಅವರಿಗೆ ಗೊತ್ತಿರಲಿಲ್ಲವಂತೆ. ಪಾಪ, ಬೆವೆತುಹೋಗಿದಾರೆ. ನೀವೇ ಸ್ವಲ್ಪ ಮಾತಾಡ್ಸಿ."

ಬಂದವನು ಮೂವತ್ತೈದರ ಕನ್ನಡಕದವನು, ಹೆಸರು ಲೆಸ್ಟರ್ ಪಾಮರ್. ಕಳೆದುಹೋದ ಹಳೆಯ ಚಿತ್ರಗಳ ಬಗ್ಗೆ ಪುಸ್ತಕ ಬರೆಯುತ್ತಿದ್ದ. ಕೈಯಲ್ಲಿ ಕಂದು ಲಕೋಟೆ.

"ಕ್ಷಮಿಸಿ ಮೇಡಂ, ಇಂಥ ದಿನ ಬಂದ್ಬಿಟ್ಟೆ. 'ಮಂಜಿನಾಚೆಯ ದೀಪ'ದ ಒಂದಡಿ ಫಿಲ್ಮೂ ಈಗ ಉಳಿದಿಲ್ಲ, ಉಗ್ರಾಣಕ್ಕೆ ಬೆಂಕಿ ಬಿದ್ದಾಗ ಎಲ್ಲಾ ಹೋಯ್ತು. ಆದ್ರೆ ಇದು ವಾಷಿಂಗ್ಟನ್ನಿನ ಕಡತದಲ್ಲಿ ಸಿಕ್ಕಿತು." ಅವನು ಹಾಳೆಗಳನ್ನು ಹೊರತೆಗೆದ. "ಕಾಪಿರೈಟ್ ಹಕ್ಕು ಪಡೆಯೋಕೆ ಕಂಪನಿಯವರೇ ಕೊಟ್ಟಿದ್ದು. ದೃಶ್ಯ ದೃಶ್ಯವೂ ಬರೆದಿದೆ. ರಷ್ಯಾಕ್ಕೆ ಮಾರಿದ ಚಿತ್ರಗಳ ಪಟ್ಟಿಯೂ ಇದೆ, ಅದರಲ್ಲಿ ಇದಿಲ್ಲ. ಈ ಚಿತ್ರಕ್ಕೆ ಇದ್ದದ್ದು ಒಂದೇ ಕೊನೆ. ವಿನಿಫ್ರೆಡ್ ಅವರು ಯಾವ ತಪ್ಪೂ ಮಾಡಿಲ್ಲ ಮೇಡಂ. ಅದನ್ನ ಅವರಿಗೇ ಹೇಳೋಣ ಅಂತ ಬಂದೆ."

ಕಾನ್ಸೆಟ್ಟಾ ಕೈಯಲ್ಲಿದ್ದ ಚಮಚ ಕೆಳಗಿಟ್ಟಳು. ದೇವರೇ, ಕೊನೆಗೂ! ಸರ್ಕಾರದ ಮೊಹರು ಬಿದ್ದ ಹಾಳೆ. ಗಸ್‌ನ ಕತ್ತುಪಟ್ಟಿ ಹಿಡಿದು ತಂದು ಅವನ ಮುಂದೆ ಒಂದೊಂದು ಸಾಲನ್ನೂ ಗಟ್ಟಿಯಾಗಿ ಓದಬೇಕೆನ್ನಿಸಿತು. ಹಾಳೆಗೆ ಕೈ ಚಾಚಿದಳು.

ಆಗ ಬಾಗಿಲ ಸಂದಿಯಿಂದ ಎಮಿಲ್‌ನ ಬೆನ್ನು ಕಂಡಿತು. ಹೊರಗೆ ಹೆಜ್ಜೆ ಸಪ್ಪಳವಾದರೆ ಆ ಬೆನ್ನು ನೆಟ್ಟಗಾಗುತ್ತಿತ್ತು.

"ಆ ಹಾಳೆ ಒಳಗಿಡಪ್ಪ," ಎಂದಳು.

"ಯಾಕೆ ಮೇಡಂ?"

"ಆ ಮುದುಕ ಬಾಗಿಲು ಕಾಯ್ತಾ ಕೂತಿದಾನೆ ನೋಡು. ನಿನ್ನ ಹಾಳೆಯಲ್ಲಿ ಒಂದೇ ಕೊನೆ ಇದ್ರೆ ಅವನ ತಂಗಿ ಇವತ್ತು ಮುಳುಗ್ತಾಳೆ. ನನಗೆ ಈಗ ಬಿಡಿಸಿ ಹೇಳೋಕಾಗಲ್ಲ."

"ಆದ್ರೆ ಊರೆಲ್ಲ ಅವರ ತಪ್ಪು ಅಂತಿದೆ. ಪುಸ್ತಕದಲ್ಲೂ ಹಾಗೇ ಹೋದ್ರೆ ಅವರ ಹೆಸರು ಶಾಶ್ವತವಾಗಿ—"

"ಬಂದ್ರಾ ಪುಸ್ತಕದೋರು!" ಗಸ್ ಒಳಗೆ ನುಗ್ಗಿ ಲೆಸ್ಟರನ ತೋಳು ಹಿಡಿದ. "ಬನ್ನಿ ಸ್ವಾಮಿ, ಇಲ್ಲೇನು ಪಾತ್ರೆ ತೊಳೀತೀರಾ? ನಾನು ಹೇಳ್ತೀನಿ, ನೀವು ಬರ್ಕೊಳ್ಳಿ."

ಹಜಾರದಲ್ಲಿ ಗಸ್ ಕತೆ ಶುರುಮಾಡಿದ. ನೂರು ಸಲ ಹೇಳಿದ ಕತೆ. ಎಲ್ಲಿ ನಗಬೇಕೆಂದು ಎಲ್ಲರಿಗೂ ಗೊತ್ತಿತ್ತು, ಅಲ್ಲಲ್ಲೇ ನಕ್ಕರು. ಎಮಿಲ್ ಕೂಡ ಮುಗುಳ್ನಕ್ಕ. "...ರಷ್ಯಾದಲ್ಲಿ ಪಾಪ, ಅಳೋಕೆ ಕರವಸ್ತ್ರ ತಂದವರು ಮದುವೆ ನೋಡ್ಕೊಂಡು ಹೋದ್ರು! ಬರ್ಕೊಂಡ್ರಾ? ವಿನಿಫ್ರೆಡ್ ಹಾರ್ಟುಂಗ್ ಅಂತ ಪೂರ್ತಿ ಹೆಸರು ಹಾಕಿ."

ಲೆಸ್ಟರ್ ಪೆನ್ನು ತೆಗೆಯಲಿಲ್ಲ. ಅವನ ಕಿವಿ ಕೆಂಪಾಗಿದ್ದವು. "ಇಲ್ಲ ಸರ್. ಅವರು ಆ ತಪ್ಪು ಮಾಡಿಲ್ಲ."

ನಗು ನಿಂತಿತು. ಎಮಿಲ್ ಅಂದು ಮೊದಲ ಸಲ ಬಾಗಿಲಿನಿಂದ ಮುಖ ತಿರುಗಿಸಿದ.

"ಮಾಡಿಲ್ಲ ಅಂದ್ರೆ?" ಎಂದ. "ಅಂದ್ರೆ ಏನರ್ಥ?"

ಲೆಸ್ಟರನ ಕೈ ಲಕೋಟೆಯತ್ತ ಹೋಯಿತು.

"ಮಾಡಿದ್ದು ನಾನು," ಎಂದಳು ಕಾನ್ಸೆಟ್ಟಾ ಬಾಗಿಲಲ್ಲಿ ನಿಂತು. "ಅದನ್ನೇ ಅವರಿಗೆ ಹೇಳ್ತಿದ್ದೆ. ಎರಡು ಡಬ್ಬೀನೂ ನನ್ನ ಮೇಜಿನ ಮೇಲೇ ಇದ್ವು. ಅವತ್ತು ನನಗೆ ಹಲ್ಲುನೋವು, ಕಣ್ಣು ಬಿಡೋಕಾಗ್ತಿರಲಿಲ್ಲ. ನೋಡ್ದೆ ಅಂಟಿಸಿದೆ. ಅಪ್ಪ ಹಾಸಿಗೆ ಹಿಡಿದಿದ್ದ, ನನ್ನ ಕೆಲಸ ಹೋದ್ರೆ ಏಳು ಜನ ಉಪವಾಸ. ವಿನಿ ತನ್ನ ಮೇಲೆ ಹಾಕ್ಕೊಂಡ್ಲು."

ಸುಳ್ಳು ಇಷ್ಟು ಸಲೀಸಾಗಿ ಬರುತ್ತದೆಂದು ಅವಳಿಗೇ ಗೊತ್ತಿರಲಿಲ್ಲ. ಅವಳ ಅಪ್ಪ ಆಗ ಕಲ್ಲುಗುಂಡಿನ ಹಾಗಿದ್ದ.

ಎಮಿಲ್ ಎದ್ದು ನಿಂತ. "ಎರಡಿತ್ತು ತಾನೇ?"

"ಎರಡಿತ್ತು. ನೀನೇ ಕಣ್ಣಾರೆ ನೋಡಿದೀಯಲ್ಲ."

ಅವನು ಉಸಿರು ಬಿಟ್ಟ. ಹಿಡಿದುಕೊಂಡಿದ್ದನೆಂಬುದೂ ಆಗಲೇ ಗೊತ್ತಾದದ್ದು. ಆಮೇಲೆ ಅವನ ಮುಖ ನಿಧಾನವಾಗಿ ಬೇರೆಯಾಯಿತು. ಕಾನ್ಸೆಟ್ಟಾ ಇದೊಂದನ್ನು ಯೋಚಿಸಿರಲಿಲ್ಲ.

"ನಲವತ್ತೆಂಟು ವರ್ಷ," ಎಂದ. "ಊರೆಲ್ಲ ನನ್ನ ಹೆಂಡ್ತೀನ ಆಡ್ಕೊಂಡ್ರು. ನಾನೂ ನಕ್ಕೆ. ಅವಳ ಮುಂದೇನೇ ನಕ್ಕೆ. ನೀನು ಪ್ರತಿ ಭಾನುವಾರ ಇದೇ ಮೇಜಿನಲ್ಲಿ ಅವಳು ಬಡಿಸಿದ್ದು ಉಂಡೆ. ಒಂದು ದಿನ, ಒಂದೇ ಒಂದು ದಿನ ಬಾಯಿಬಿಡಬಾರದಿತ್ತೇನೇ?"

"ಎಮಿಲ್—"

"ಬಾಯಿಬಿಟ್ಟಿದ್ದು ಇವತ್ತು! ಅವಳ ಮೇಲೆ ಮಣ್ಣು ಹಾಕಿ ಎರಡು ಗಂಟೆ ಆಗಿಲ್ಲ! ಹೋಗು. ನನ್ನ ಮನೆಗೆ ಇನ್ನು ಕಾಲಿಡಬೇಡ."

"ಅಪ್ಪಾ," ಎಂದಳು ಮಾರ್ಜಿ. ಆದರೆ ಅಮ್ಮನ ನೆನಪಾಗಿ ಅವಳ ಮುಖವೂ ಬಿಗಿದುಕೊಂಡಿತ್ತು. ಒಳಗೆ ಹೋಗಿ ಕಾನ್ಸೆಟ್ಟಾಳ ಕೋಟು ತಂದಳು. ತೋಳು ತೊಡಿಸಲಿಲ್ಲ, ಕೈಗೆ ಕೊಟ್ಟಳು.

ಕಾನ್ಸೆಟ್ಟಾ ಲೆಸ್ಟರನತ್ತ ನೋಡಿದಳು. "ಸರಿಯಾಗಿ ಬರ್ಕೋ. ಕಾನ್ಸೆಟ್ಟಾ ಬೆಲ್ಫಿಯೋರೆ," ಎಂದಳು. ಗಸ್ ತಲೆ ತಗ್ಗಿಸಿಕೊಂಡು ದಾರಿ ಬಿಟ್ಟ.

ಹೊರಗೆ ಮಂಜು ಇನ್ನೂ ಸರಿದಿರಲಿಲ್ಲ. ಎದುರುಮನೆಯೂ ಕಾಣುತ್ತಿರಲಿಲ್ಲ. ಮೆಟ್ಟಿಲಿಳಿದು ಕೋಟಿನ ಗುಂಡಿ ಹಾಕಿಕೊಳ್ಳಲು ನಿಂತಳು. ಗುಂಡಿ ತೂತಿಗೆ ಸೇರಲಿಲ್ಲ. ಅಳು ಬಂತು, ಅತ್ತಳು. ಆಮೇಲೆ ದೀಪ ಉರಿಯುತ್ತಿದ್ದ ಹಜಾರದ ಕಿಟಕಿಯ ಕಡೆಗೆ ತಿರುಗಿದಳು.

ಚಳಿಗಾಲದ ಎರಡು ಪದರದ ಗಾಜು, ಒಳಗಿನ ಒಂದು ಸದ್ದೂ ಹೊರಗೆ ಬರುತ್ತಿರಲಿಲ್ಲ. ಎಮಿಲ್ ಹಜಾರದ ನಡುವೆ ನಿಂತು ಮಾತಾಡುತ್ತಿದ್ದ. ಎರಡೂ ಕೈ ಎತ್ತಿ ಏನನ್ನೋ ತೋರಿಸಿದ, ಎದೆ ಮುಟ್ಟಿಕೊಂಡ. ತಿನ್ನುತ್ತಿದ್ದವರು ತಟ್ಟೆ ಕೆಳಗಿಟ್ಟರು. ಗಸ್ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡ. ಮೂಲೆಯಲ್ಲಿ ಲೆಸ್ಟರ್ ಲಕೋಟೆಯನ್ನು ಎರಡಾಗಿ ಮಡಿಸಿ, ಮತ್ತೆ ಮಡಿಸಿ, ಕೋಟಿನ ಒಳಜೇಬಿಗೆ ತುರುಕಿದ. ಆರು ವರ್ಷ ದನಿಯಿಲ್ಲದ ತುಟಿಗಳನ್ನು ಬೆಳಕಿಗೆ ಹಿಡಿದು ನೋಡಿದವಳಿಗೆ ಎಮಿಲ್ ಅನ್ನುತ್ತಿರುವುದೇನೆಂದು ತಿಳಿಯುವುದು ಕಷ್ಟವಾಗಲಿಲ್ಲ. ನನ್ನ ವಿನಿ ತಪ್ಪುವವಳಲ್ಲ, ಎನ್ನುತ್ತಿದ್ದ. ಮತ್ತೆ ಮತ್ತೆ ಅದನ್ನೇ ಎನ್ನುತ್ತಿದ್ದ. ಕಾನ್ಸೆಟ್ಟಾಳ ಉಸಿರಿಗೆ ಗಾಜು ಮಸುಕಾಯಿತು. ತೋಳಿನಿಂದ ಒರೆಸಿ, ಇನ್ನೂ ಹತ್ತಿರಕ್ಕೆ ಬಂದು ನಿಂತಳು.